ಗಂಟೆಗಳನ್ನು ಎಣಿಸುವ ಮೊದಲು ಒಂಟಿತನವನ್ನು ಕೇಳಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಮಾನ್ಯರೇ,

ಮೊಬೈಲ್ ಗೀಳಿನ ಮಾತು ಬಂದಾಗಲೆಲ್ಲ ಸರ್ಕಾರದ, ಶಾಲೆಗಳ, ಪತ್ರಿಕೆಗಳ ಗಮನ ಮೊದಲು ಹೋಗುವುದು ಮಕ್ಕಳ ಕಡೆಗೆ. ಮಕ್ಕಳ ವಿಷಯದಲ್ಲಿ ಎಚ್ಚರ ಬೇಕೇ ಬೇಕು. ಆದರೆ ಮಗುವಿನ ಕೈಯಿಂದ ಫೋನ್ ತೆಗೆದಿಡಲು ತಾಯಿಯೋ ತಂದೆಯೋ ಶಿಕ್ಷಕರೋ ಇರುತ್ತಾರೆ. ಮೂವತ್ತೈದರ, ಐವತ್ತರ, ಅರವತ್ತೈದರ ವಯಸ್ಸಿನಲ್ಲಿ ರಾತ್ರಿ ಮೂರು ಗಂಟೆಯವರೆಗೆ ಫೋನ್ ನೋಡುತ್ತ ಕೂತವರನ್ನು ಕೇಳುವವರು ಯಾರೂ ಇರುವುದಿಲ್ಲ. ಹಾಗೆ ಕೇಳುವವರು ಇಲ್ಲದಿರುವುದೇ ಬಹಳಷ್ಟು ಸಲ ಅವರ ತೊಂದರೆಯ ಮೂಲವಾಗಿರುತ್ತದೆ. ಬೆಂಗಳೂರಿನಲ್ಲಿ ಹಲವು ವರ್ಷಗಳಿಂದ ವಯಸ್ಕರಿಗೆ ಆಪ್ತಸಮಾಲೋಚನೆ ನೀಡುತ್ತಿರುವ ನಾನು ಈ ಪತ್ರ ಬರೆಯುತ್ತಿರುವುದು ಒಂದೇ ವಿಷಯವನ್ನು ತಮ್ಮ ಮುಂದಿಡಲು. ವಯಸ್ಕರ ಇಂಟರ್ನೆಟ್ ವ್ಯಸನವನ್ನು ಗಂಟೆಗಳ ಲೆಕ್ಕದಲ್ಲಿ ಅಳೆದು, ಆ ಗಂಟೆಗಳನ್ನು ಕಡಿಮೆ ಮಾಡಿಸಲು ಹೊರಡುವ ಮೊದಲು, ಆ ವ್ಯಕ್ತಿಗೆ ತಮ್ಮವರೆಂದು ಯಾರಿದ್ದಾರೆ, ಅವರು ಯಾವುದರ ಭಯದಲ್ಲಿ ಬದುಕುತ್ತಿದ್ದಾರೆ ಎಂದು ಕೇಳುವ ಏರ್ಪಾಡು ನಮ್ಮ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಲ್ಲಿ ಆಗಬೇಕು.

ವ್ಯಸನ ಎಂದು ನಾನು ಕರೆಯುತ್ತಿರುವುದು ಏನನ್ನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2019ರಲ್ಲಿ ಅಂಗೀಕಾರವಾಗಿ 2022ರ ಜನವರಿಯಲ್ಲಿ ಜಾರಿಗೆ ಬಂದಿತು. ಅದರಲ್ಲಿ ಗೇಮಿಂಗ್ ಸಂಬಂಧಿತ ಕಾಯಿಲೆಗೆ ಜಾಗವಿದೆ, ಒಟ್ಟಾರೆ ಇಂಟರ್ನೆಟ್ ವ್ಯಸನಕ್ಕೆ ಪ್ರತ್ಯೇಕ ಜಾಗವಿಲ್ಲ. ಹೊಟ್ಟೆಪಾಡಿಗಾಗಿ ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುವವರನ್ನೆಲ್ಲ ವ್ಯಸನಿಗಳೆಂದು ಕರೆಯುವುದು ಅನ್ಯಾಯ. ಬಿಡಬೇಕೆಂದರೂ ಬಿಡಲಾಗದೆ, ನಿದ್ದೆ, ಕೆಲಸ, ಸಂಸಾರ ಹಾಳಾಗುತ್ತಿರುವುದು ಕಣ್ಣಿಗೆ ಕಾಣುತ್ತಿದ್ದರೂ ಮುಂದುವರಿಯುವ ಬಳಕೆ ಮಾತ್ರ ಇಲ್ಲಿ ನನ್ನ ವಿಷಯ.

ಅಂಥವರ ಜೊತೆ ಕೂತು ಮಾತಾಡಿದಾಗ ಫೋನಿನ ಮಾತು ಮೊದಲ ಭೇಟಿಯಲ್ಲಿ ಮುಗಿದುಹೋಗುತ್ತದೆ. ಎರಡನೆಯ, ಮೂರನೆಯ ಭೇಟಿಯಲ್ಲಿ ಬರುವುದು ಬೇರೆಯೇ ಮಾತು. ವಿಜಯಪುರದ ಕಡೆಯಿಂದ ಬಂದು ಬೆಂಗಳೂರಿನ ಪಿಜಿಯೊಂದರಲ್ಲಿರುವ ಯುವಕರೊಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಕಂಪನಿಯಲ್ಲಿ ಕೆಲಸದಿಂದ ತೆಗೆಯುವವರ ಪಟ್ಟಿಯ ಮಾತು ಹಬ್ಬಿದಂದಿನಿಂದ ರಾತ್ರಿಯಿಡೀ ರೀಲ್ಸ್ ನೋಡುವುದು ಅವರಿಗೆ ರೂಢಿಯಾಯಿತು. ಕೋಣೆಯಲ್ಲಿ ಮೂರು ಮಂಚಗಳಿವೆ, ಮೂವರದೂ ಬೇರೆ ಬೇರೆ ಪಾಳಿ, ಒಬ್ಬರ ಮುಖ ಇನ್ನೊಬ್ಬರು ನೋಡುವುದು ಭಾನುವಾರ ಮಾತ್ರ. ಊರಿಗೆ ಫೋನ್ ಮಾಡಿದರೆ ತಾಯಿಗೆ ಆತಂಕವಾಗುತ್ತದೆ ಎಂದು ಎಲ್ಲವೂ ಚೆನ್ನಾಗಿದೆ ಎಂದಷ್ಟೇ ಹೇಳುತ್ತಾರೆ. ಅವರು ನನಗೆ ಹೇಳಿದ್ದು ಇಷ್ಟು: "ಫೋನ್ ಕೆಳಗಿಟ್ರ ಎದಿ ಢವಢವ ಅಂತೈತ್ರಿ ಮೇಡಂ. ನೋಡ್ಕೋತ ಇದ್ರ ಏನೂ ಅನ್ಸೂದಿಲ್ಲ." ಈ ಎರಡು ವಾಕ್ಯಗಳಲ್ಲಿ ವ್ಯಸನದ ಇಡೀ ಯಂತ್ರ ಕೆಲಸ ಮಾಡುವ ಬಗೆ ಇದೆ. ಅವರು ಸುಖ ಹುಡುಕಿಕೊಂಡು ಅಲ್ಲಿಗೆ ಹೋಗುತ್ತಿಲ್ಲ. ನೋವು ಕೇಳಿಸದಿರಲಿ ಎಂದು ಹೋಗುತ್ತಿದ್ದಾರೆ. ನೋವು ಸ್ವಲ್ಪ ಹೊತ್ತು ಅಡಗುತ್ತದೆ, ಅದರಿಂದಲೇ ಮರುದಿನ ಮತ್ತೆ ಅದೇ ದಾರಿ ಹಿಡಿಯುವ ಅಭ್ಯಾಸ ಗಟ್ಟಿಯಾಗುತ್ತದೆ. ನಿದ್ದೆ ಕೆಡುತ್ತದೆ, ಬೆಳಿಗ್ಗೆ ಕೆಲಸದಲ್ಲಿ ತಪ್ಪುಗಳಾಗುತ್ತವೆ, ಕೆಲಸದ ಬಗ್ಗೆ ಇದ್ದ ಭಯಕ್ಕೆ ಈಗ ನಿಜವಾದ ಕಾರಣವೂ ಸಿಗುತ್ತದೆ. ಇದ್ದ ಒಬ್ಬಿಬ್ಬರು ಗೆಳೆಯರೂ ದೂರವಾಗುತ್ತಾರೆ. ಒಂಟಿತನದಿಂದ ಹುಟ್ಟಿದ ಅಭ್ಯಾಸ ಒಂಟಿತನವನ್ನೇ ಹೆಚ್ಚಿಸುತ್ತದೆ.

ಸಂಶೋಧನೆಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ, ಆದರೆ ಒಂದು ತಿದ್ದುಪಡಿಯೊಂದಿಗೆ. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಬರ್ಟ್ ಕ್ರೌಟ್ ಮತ್ತು ಸಂಗಡಿಗರು ಹೊಸದಾಗಿ ಇಂಟರ್ನೆಟ್ ಪಡೆದ 73 ಕುಟುಂಬಗಳ 169 ಜನರನ್ನು ಒಂದೆರಡು ವರ್ಷ ಗಮನಿಸಿ 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೆಚ್ಚು ಬಳಸಿದವರಲ್ಲಿ ಮನೆಯವರೊಂದಿಗಿನ ಮಾತು ಕಡಿಮೆಯಾಗಿ, ಒಂಟಿತನ ಮತ್ತು ಖಿನ್ನತೆ ತುಸು ಹೆಚ್ಚಿದ್ದವು. ಅದೇ ತಂಡ 2002ರಲ್ಲಿ ಪ್ರಕಟಿಸಿದ ಮುಂದುವರಿದ ಅಧ್ಯಯನದಲ್ಲಿ ಆ ಕೆಟ್ಟ ಪರಿಣಾಮ ಬಹುಮಟ್ಟಿಗೆ ಅಳಿಸಿಹೋಗಿತ್ತು. ಬದಲಿಗೆ ಕಂಡದ್ದು ಇನ್ನೊಂದು ಸಂಗತಿ. ಜನರೊಂದಿಗೆ ಸುಲಭವಾಗಿ ಬೆರೆಯುವವರಿಗೆ, ಮೊದಲೇ ನಾಲ್ಕು ಜನರ ಆಸರೆ ಇದ್ದವರಿಗೆ ಇಂಟರ್ನೆಟ್ ಒಳ್ಳೆಯದನ್ನು ಮಾಡಿತ್ತು. ಸಂಕೋಚದವರಿಗೆ, ಆಸರೆ ಕಡಿಮೆ ಇದ್ದವರಿಗೆ ಅಂಥ ಲಾಭ ಸಿಕ್ಕಿರಲಿಲ್ಲ. ಸ್ಮಾರ್ಟ್‌ಫೋನ್ ಬರುವ ಮೊದಲಿನ ಅಧ್ಯಯನಗಳಿವು. ಆದರೂ ಒಂದೇ ತಂತ್ರಜ್ಞಾನ ಇಬ್ಬರ ಕೈಯಲ್ಲಿ ಎರಡು ರೀತಿ ಕೆಲಸ ಮಾಡುತ್ತದೆ, ಆ ವ್ಯತ್ಯಾಸವನ್ನು ಬಹುಪಾಲು ತೀರ್ಮಾನಿಸುವುದು ಪರದೆಯ ಹೊರಗಿನ ಅವರ ಬದುಕು ಎಂಬ ಮಾತು ಇಂದಿಗೂ ನನ್ನ ಅನುಭವಕ್ಕೆ ಹೊಂದುತ್ತದೆ. ಒಂಟಿತನ ಮೊದಲೋ ವ್ಯಸನ ಮೊದಲೋ ಎಂದು ಒಂದೇ ಮಾತಿನಲ್ಲಿ ಹೇಳಲಾಗದು; ಎರಡೂ ಒಂದನ್ನೊಂದು ಬೆಳೆಸುತ್ತವೆ. ಆದರೆ ಚಿಕಿತ್ಸೆಯ ದೃಷ್ಟಿಯಿಂದ ಒಂದು ತುದಿಯನ್ನು ಮಾತ್ರ ಹಿಡಿದು ಎಳೆದರೆ ಗಂಟು ಬಿಚ್ಚುವುದಿಲ್ಲ.

ಒಂಟಿತನದಲ್ಲೂ ಬಗೆಗಳಿವೆ ಎಂಬುದನ್ನು ನಮ್ಮ ಯೋಜನೆಗಳು ಗಮನಿಸಬೇಕು. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲಿಯೇ ಇದನ್ನು ಎರಡಾಗಿ ಬಿಡಿಸಿ ತೋರಿಸಿದ್ದರು. ನೆರೆಹೊರೆ, ಗೆಳೆಯರ ಬಳಗ ಇಲ್ಲದಿರುವುದು ಒಂದು. ಬಳಗ ಎಷ್ಟೇ ದೊಡ್ಡದಿದ್ದರೂ ಮನಸ್ಸು ಬಿಚ್ಚಿ ಮಾತಾಡಬಲ್ಲ ಒಬ್ಬ ಆಪ್ತರು ಇಲ್ಲದಿರುವುದು ಇನ್ನೊಂದು. ಒಂದರ ಕೊರತೆಯನ್ನು ಇನ್ನೊಂದು ತುಂಬಲಾರದು ಎಂಬುದು ಅವರ ವಾದ. ಆದ್ದರಿಂದಲೇ ಐನೂರು ಜನರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಇರುವವರೂ, ಅತ್ತೆ, ಮಾವ, ಮೈದುನರಿಂದ ತುಂಬಿದ ಮನೆಯಲ್ಲಿರುವ ಸೊಸೆಯೂ ಒಂಟಿಯಾಗಿರಬಹುದು. ಮಲೆನಾಡಿನಲ್ಲಿ ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ತೋಟದ ನಡುವಿನ ಒಂಟಿ ಮನೆಯಲ್ಲಿ ಉಳಿದ ವೃದ್ಧ ದಂಪತಿಯ ಕಷ್ಟ ಬೇರೆ, ಗಂಡ ಕೊಲ್ಲಿ ದೇಶದಲ್ಲಿರುವ ಕರಾವಳಿಯ ಹೆಣ್ಣುಮಗಳ ಕಷ್ಟ ಬೇರೆ. ಇಬ್ಬರ ಕೈಯಲ್ಲಿರುವ ಫೋನ್ ಮಾತ್ರ ಒಂದೇ.

ಅಭದ್ರತೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದರ ಬಗ್ಗೆ ಇನ್ನೂ ಕಡಿಮೆ ಮಾತಾಗುತ್ತಿದೆ. ಬ್ರಿಟನ್ನಿನ ಮನೋವೈದ್ಯ ಜಾನ್ ಬೋಲ್ಬಿ ಶಿಶು ಮತ್ತು ತಾಯಿಯ ಬಾಂಧವ್ಯದ ಬಗ್ಗೆ ಹೇಳಿದ್ದನ್ನು ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ 1987ರಲ್ಲಿ ವಯಸ್ಕರ ಸಂಬಂಧಗಳಿಗೂ ಅನ್ವಯಿಸಿ ನೋಡಿದರು. ಕೆಲವರಿಗೆ ತಮ್ಮವರು ಯಾವಾಗ ಕೈಬಿಡುತ್ತಾರೋ ಎಂಬ ಆತಂಕ ಸದಾ ಇರುತ್ತದೆ. ಕೆಲವರು ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ ತಮ್ಮನ್ನು ಕಾಪಾಡಿಕೊಳ್ಳುತ್ತಾರೆ. ಇಬ್ಬರಿಗೂ ಫೋನ್ ಹೇಳಿ ಮಾಡಿಸಿದಂತಿದೆ. ಎರಡನೆಯವರಿಗೆ ಅಲ್ಲಿ ಅಂತರ ಕಾಯ್ದುಕೊಂಡೇ ಜನರ ನಡುವೆ ಇದ್ದ ಭಾವ ಸಿಗುತ್ತದೆ. ಮೊದಲನೆಯವರಿಗೆ ಪ್ರತಿ ನಿಮಿಷವೂ ಪರೀಕ್ಷಿಸಿ ನೋಡುವ ಸಾಧನ ಸಿಗುತ್ತದೆ: ಸಂದೇಶ ತಲುಪಿತೇ, ನೀಲಿ ಗೆರೆ ಮೂಡಿತೇ, ಆನ್‌ಲೈನ್‌ನಲ್ಲಿದ್ದೂ ಯಾಕೆ ಉತ್ತರಿಸಲಿಲ್ಲ? ಮೈಸೂರಿನಲ್ಲಿ ಒಬ್ಬರೇ ಇರುವ, ಗಂಡನನ್ನು ಕಳೆದುಕೊಂಡ ತಾಯಿಯೊಬ್ಬರು ಅಮೆರಿಕದಲ್ಲಿರುವ ಮಗನಿಗೆ ಬೆಳಿಗ್ಗೆ ದೇವರ ಚಿತ್ರ ಕಳಿಸಿ, ಅಲ್ಲಿ ರಾತ್ರಿಯೆಂದು ಗೊತ್ತಿದ್ದೂ ಮಧ್ಯಾಹ್ನದವರೆಗೆ ಫೋನ್ ಕೈಬಿಡುತ್ತಿರಲಿಲ್ಲ. ಕಾಯುವ ಹೊತ್ತಿನಲ್ಲಿ ವಿಡಿಯೋಗಳು, ಆರೋಗ್ಯದ ಬಗ್ಗೆ ಹೆದರಿಸುವ ಫಾರ್ವರ್ಡ್‌ಗಳು, ಮತ್ತೆ ವಿಡಿಯೋಗಳು. ಅವರ ಮಗ ನನ್ನನ್ನು ಸಂಪರ್ಕಿಸಿ ಕೇಳಿದ್ದು, ಅಮ್ಮನ ಮೊಬೈಲ್ ಚಟ ಬಿಡಿಸುವುದು ಹೇಗೆ ಎಂದು. ಆ ಮಗನ ಕಾಳಜಿ ನಿಜವಾದದ್ದು. ಆದರೆ ಅಮ್ಮನಿಗೆ ಬೇಕಾಗಿದ್ದದ್ದು ಇಂಥ ಹೊತ್ತಿಗೆ ಫೋನ್ ಬರುತ್ತದೆ ಎಂಬ ಖಾತ್ರಿ, ಮತ್ತು ವಾರಕ್ಕೆರಡು ಸಂಜೆ ಮನೆಯಿಂದ ಹೊರಬಂದು ಕೂರಲು ಒಂದು ಜಾಗ. ದಿನವೂ ನಿಗದಿತ ಸಮಯದ ಕರೆ ಆರಂಭವಾಗಿ, ಬಡಾವಣೆಯ ಭಜನಾ ಮಂಡಳಿಗೆ ಅವರು ಹೋಗತೊಡಗಿದ ಮೇಲೆ ಫೋನ್ ತಾನಾಗಿ ಹಿಂದೆ ಸರಿಯಿತು. ಎಲ್ಲರಿಗೂ ಇಷ್ಟು ಸುಲಭವಾಗಿ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ; ಖಿನ್ನತೆ ಆಳವಾಗಿದ್ದವರಿಗೆ ಔಷಧಿ ಮತ್ತು ದೀರ್ಘ ಚಿಕಿತ್ಸೆ ಬೇಕಾಗುತ್ತದೆ.

ಅಭದ್ರತೆಯ ಇನ್ನೊಂದು ಮುಖ ಜೀವನೋಪಾಯದ್ದು. ಊಟ ತಲುಪಿಸುವ ಹುಡುಗ ಆ್ಯಪ್ ನೋಡುತ್ತಲೇ ಇರಬೇಕು, ಇಲ್ಲದಿದ್ದರೆ ಮುಂದಿನ ಆರ್ಡರ್ ಕೈತಪ್ಪುತ್ತದೆ. ಐಟಿ ನೌಕರರು ರಾತ್ರಿ ಹನ್ನೊಂದಕ್ಕೂ ಮ್ಯಾನೇಜರರ ಸಂದೇಶಕ್ಕೆ ಉತ್ತರಿಸಬೇಕು. 2024ರ ಜುಲೈಯಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾವ ಇದೇ ರಾಜ್ಯದಲ್ಲಿ ಚರ್ಚೆಗೆ ಬಂದು, ನೌಕರರ ಸಂಘಟನೆ ಬೀದಿಗಿಳಿದದ್ದು ತಮಗೆ ನೆನಪಿರಬಹುದು. ಫ್ರಾನ್ಸ್ 2017ರಿಂದಲೇ, ಆಸ್ಟ್ರೇಲಿಯಾ 2024ರಿಂದ, ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಕಾನೂನಿನಲ್ಲಿ ತಂದಿವೆ. ಇದು ತಮ್ಮ ಇಲಾಖೆಯ ವ್ಯಾಪ್ತಿಯಲ್ಲಿಲ್ಲ ಎಂಬುದು ನನಗೆ ಗೊತ್ತು. ಆದರೆ ದುಡಿಮೆಯ ಗಂಟೆಗಳ ಮಾತು ಸಂಪುಟದ ಮುಂದೆ ಬಂದಾಗ, ಅದು ಮಾನಸಿಕ ಆರೋಗ್ಯದ ಪ್ರಶ್ನೆಯೂ ಹೌದು ಎಂದು ಎದ್ದು ಹೇಳಬೇಕಾದವರು ಆರೋಗ್ಯ ಸಚಿವರೇ. ನೆರೆಮನೆಯವರ ಹೆಸರು ತಿಳಿದುಕೊಳ್ಳಲೂ ಹೊತ್ತು ಸಿಗದ ದಿನಚರಿಯಲ್ಲಿ ಯಾರಿಗೂ ಆಪ್ತರು ಹುಟ್ಟುವುದಿಲ್ಲ.

ಆನ್‌ಲೈನ್ ಜೂಜಿನ ಬಗ್ಗೆ ಒಂದು ಮಾತು. ಅದನ್ನು ನಿಷೇಧಿಸಲು ರಾಜ್ಯವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ನಿಷೇಧವನ್ನು ನಾನು ಸ್ವಾಗತಿಸುತ್ತೇನೆ. ಆದರೆ ಸಾಲ ತೀರಿಸಲೆಂದು ಆಡಿ ಇನ್ನಷ್ಟು ಸಾಲ ಮಾಡಿಕೊಂಡು, ಹೆಂಡತಿಗೂ ಹೇಳದೆ ಬಚ್ಚಿಟ್ಟುಕೊಂಡವರು ಕಾಯ್ದೆ ಬಂದ ಮರುದಿನವೂ ಅದೇ ಸ್ಥಿತಿಯಲ್ಲಿದ್ದಾರೆ. ಆ್ಯಪ್ ಮುಚ್ಚಿಹೋದರೂ ಅವರ ನಾಚಿಕೆ ಮತ್ತು ಭಯಕ್ಕೆ ಚಿಕಿತ್ಸೆ ಸಿಕ್ಕಿಲ್ಲ.

ಹಾಗಾಗಿಯೇ ಫೋನ್ ಕಸಿದುಕೊಳ್ಳುವುದನ್ನೇ ಮದ್ದು ಎಂದುಕೊಂಡರೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುತ್ತದೆ. ಎಷ್ಟೋ ಜನರಿಗೆ ಇಂಟರ್ನೆಟ್ಟೇ ಏಕೈಕ ಆಸರೆ ಎಂಬುದನ್ನೂ ನಾವು ಮರೆಯಬಾರದು. ಹಾಸಿಗೆ ಹಿಡಿದವರಿಗೆ, ಕಿವಿ ಕೇಳದವರಿಗೆ, ಸಣ್ಣ ಊರಿನಲ್ಲಿ ತಮ್ಮ ಲೈಂಗಿಕತೆಯನ್ನು ಯಾರಿಗೂ ಹೇಳಿಕೊಳ್ಳಲಾಗದವರಿಗೆ, ದೂರದ ದೇಶದಲ್ಲಿ ಕನ್ನಡದ ನಾಲ್ಕು ಮಾತಿಗಾಗಿ ಹಂಬಲಿಸುವವರಿಗೆ ಅಲ್ಲಿ ಸಿಗುವ ಸಂಗ ಸುಳ್ಳಲ್ಲ. ಅದನ್ನು ಕಿತ್ತುಕೊಂಡು ಬದಲಿಗೆ ಏನನ್ನೂ ಕೊಡದಿದ್ದರೆ ಅವರು ಮೊದಲಿಗಿಂತ ಒಂಟಿಯಾಗುತ್ತಾರೆ. ಈಚೆಗೆ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳ ಜೊತೆ ಗಂಟೆಗಟ್ಟಲೆ ಮಾತಾಡುವ ವಯಸ್ಕರೂ ನನ್ನ ಬಳಿ ಬರುತ್ತಿದ್ದಾರೆ. ಎಂಐಟಿ ಮೀಡಿಯಾ ಲ್ಯಾಬ್ ಮತ್ತು ಓಪನ್‌ಎಐ 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ದಿನದ ಬಳಕೆ ಹೆಚ್ಚಿದ್ದವರಲ್ಲಿ ಒಂಟಿತನ ಮತ್ತು ಅವಲಂಬನೆ ಹೆಚ್ಚು ಕಂಡಿದ್ದವು. ಅವರನ್ನು ಗದರಿಸುವುದರಿಂದ ಪ್ರಯೋಜನವಿಲ್ಲ. ಕೇಳಿಸಿಕೊಳ್ಳುವ ಮನುಷ್ಯರು ಸಿಗದಿದ್ದಾಗ ಅವರು ಅಲ್ಲಿಗೆ ಹೋಗಿದ್ದಾರೆ.

ಒಂಟಿತನವನ್ನು ಸರ್ಕಾರದ ಕೆಲಸವೆಂದು ಒಪ್ಪಿಕೊಂಡ ದೇಶಗಳಿವೆ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಇದಕ್ಕಾಗಿಯೇ ಸಚಿವರಿಗೆ ಹೊಣೆ ವಹಿಸಿದವು. ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅವರು ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಪರವಾಗಿ ಸಾರ್ವಜನಿಕ ಆರೋಗ್ಯದ ಬಗ್ಗೆ ಮಾತಾಡುವ ಉನ್ನತ ವೈದ್ಯಾಧಿಕಾರಿ ಆಗಿದ್ದಾಗ, 2023ರಲ್ಲಿ, ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಅಧಿಕೃತವಾಗಿ ಎಚ್ಚರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ನೀಡಿದ ವರದಿಯ ಪ್ರಕಾರ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರು ಒಂಟಿತನ ಅನುಭವಿಸುತ್ತಿದ್ದಾರೆ, ಮತ್ತು ವರ್ಷಕ್ಕೆ ಸುಮಾರು 8 ಲಕ್ಷ 71 ಸಾವಿರ ಸಾವುಗಳಿಗೆ ಅದರ ನಂಟಿದೆ.

ಕರ್ನಾಟಕ ಬರಿಗೈಯಲ್ಲಿಲ್ಲ. ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದೇ ಮೀಸಲಾದ ಶಟ್ ಕ್ಲಿನಿಕ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಮನೋಜ್ ಕುಮಾರ್ ಶರ್ಮಾ ಅವರ ನೇತೃತ್ವದಲ್ಲಿ 2014ರಲ್ಲಿಯೇ ಆರಂಭವಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ಮಾಡಿದ ಮನೋಚೈತನ್ಯ ಕಾರ್ಯಕ್ರಮವಿದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು. ಇವೆಲ್ಲ ಒಳ್ಳೆಯ ಕೆಲಸಗಳು, ಮತ್ತು ಇವುಗಳ ಹಿಂದಿರುವವರ ಬಗ್ಗೆ ನನಗೆ ಗೌರವವಿದೆ. ಆದರೆ ಯಾದಗಿರಿಯಲ್ಲೋ ಚಾಮರಾಜನಗರದಲ್ಲೋ ಇರುವ ನಲವತ್ತರ ಗಂಡಸು ತನ್ನ ಮೊಬೈಲ್ ಗೀಳಿಗಾಗಿ ಬೆಂಗಳೂರಿಗೆ ಬರುವುದಿಲ್ಲ. ಮಂಗಳವಾರ ಹಗಲು ರಜೆ ಹಾಕಿ ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದೂ ಕಷ್ಟ, ದಿನಗೂಲಿಯವರಿಗಂತೂ ಆಗದ ಮಾತು. ಮುಖ್ಯವಾಗಿ, ಅವನು ತನ್ನನ್ನು ರೋಗಿಯೆಂದು ಭಾವಿಸಿಯೇ ಇಲ್ಲ. ತಲೆನೋವು, ನಿದ್ದೆ ಬಾರದಿರುವುದು, ಹೊಟ್ಟೆಯುರಿ ಎಂದು ಅವನು ಹೋಗುವುದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಮತ್ತು ಅಲ್ಲಿ ಯಾರೂ ಅವನಿಗೆ ಒಂಟಿತನದ ಪ್ರಶ್ನೆ ಕೇಳುವುದಿಲ್ಲ.

ಆ ಪ್ರಶ್ನೆ ಕೇಳಲು ದೊಡ್ಡ ವ್ಯವಸ್ಥೆ ಬೇಕಾಗಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರೂಪುಗೊಂಡ ಒಂಟಿತನದ ಮಾಪಕಕ್ಕೆ ಮೂರೇ ಪ್ರಶ್ನೆಗಳ ಒಂದು ಚಿಕ್ಕ ರೂಪವಿದೆ: ಜೊತೆಗೆ ಯಾರೂ ಇಲ್ಲವೆಂದು ಎಷ್ಟು ಸಲ ಅನಿಸುತ್ತದೆ, ಉಳಿದವರು ತಮ್ಮನ್ನು ಬಿಟ್ಟುಹಾಕಿದ್ದಾರೆಂದು ಎಷ್ಟು ಸಲ ಅನಿಸುತ್ತದೆ, ಎಲ್ಲರಿಂದ ಬೇರೆಯಾಗಿ ಉಳಿದಿದ್ದೇನೆಂದು ಎಷ್ಟು ಸಲ ಅನಿಸುತ್ತದೆ. 2024ರಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಡಿ ಸಿಬ್ಬಂದಿ ಮನೆಬಾಗಿಲಿಗೆ ಬಂದು ಬಿಪಿ, ಸಕ್ಕರೆ ನೋಡುವಾಗಲೇ ಈ ಮೂರು ಪ್ರಶ್ನೆಗಳನ್ನೂ, ರಾತ್ರಿ ನಿದ್ದೆ ಬಿಟ್ಟು ಫೋನ್ ನೋಡುವ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಬಹುದು. ಇವುಗಳನ್ನು ನೇರವಾಗಿ ಕನ್ನಡಕ್ಕೆ ತಂದು ಹಂಚಿದರೆ ಸಾಲದು. ಬೀದರಿನಲ್ಲಿ, ಮಂಡ್ಯದಲ್ಲಿ, ಕಾರವಾರದಲ್ಲಿ ಜನ ತಮ್ಮ ಒಂಟಿತನವನ್ನು ಹೇಗೆ ಹೇಳಿಕೊಳ್ಳುತ್ತಾರೆಂದು ನೋಡಿ, ನಿಮ್ಹಾನ್ಸ್‌ನಂಥ ಸಂಸ್ಥೆಯಿಂದ ಪರೀಕ್ಷಿಸಿಯೇ ಬಳಸಬೇಕು. ಕೇಳಿದ ಮೇಲೆ ಕಳುಹಿಸಲು ಒಂದು ಜಾಗವೂ ಇರಬೇಕು, ಇಲ್ಲದಿದ್ದರೆ ಕೇಳುವುದು ಕ್ರೌರ್ಯವಾಗುತ್ತದೆ. ಪ್ರತಿ ಜಿಲ್ಲೆಯ ಮಾನಸಿಕ ಆರೋಗ್ಯ ತಂಡದಲ್ಲಿ ಕನಿಷ್ಠ ಒಬ್ಬರಾದರೂ ವಯಸ್ಕರ ಇಂಟರ್ನೆಟ್ ವ್ಯಸನದ ಬಗ್ಗೆ ತರಬೇತಿ ಪಡೆದವರಿರಲಿ, ಮತ್ತು ವಾರಕ್ಕೊಂದು ದಿನ ಸಂಜೆ ಆರರಿಂದ ಎಂಟರವರೆಗೆ ಕ್ಲಿನಿಕ್ ತೆರೆದಿರಲಿ.

ದಯವಿಟ್ಟು ಇದಕ್ಕೂ ಇನ್ನೊಂದು ಆ್ಯಪ್ ಮಾಡಬೇಡಿ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಗ್ರಾಮೀಣಾಭಿವೃದ್ಧಿ ಇಲಾಖೆಯೊಂದಿಗೆ ತಮ್ಮ ಇಲಾಖೆ ಕೈಜೋಡಿಸಿದರೆ, ಅಲ್ಲಿ ವಾರಕ್ಕೆರಡು ಸಂಜೆ ವಯಸ್ಕರು ಸೇರಿ ಪತ್ರಿಕೆ ಓದಲು, ಹಾಡಲು, ಕೇರಂ ಆಡಲು, ಸುಮ್ಮನೆ ಕೂತು ಮಾತಾಡಲು ಜಾಗ ಸಿಗುತ್ತದೆ. ಬೆಂಗಳೂರಿನ ಪಿಜಿಗಳಿರುವ ಬಡಾವಣೆಗಳಲ್ಲಿ ಹಣ ಕೊಡದೆ ಕೂತು ನಾಲ್ಕು ಮಾತಾಡಬಹುದಾದ ಜಾಗ ಸಿಗುವುದೇ ಕಷ್ಟ. ಉದ್ಯಾನದ ಗೇಟನ್ನು ರಾತ್ರಿ ಬೇಗ ಮುಚ್ಚುತ್ತಾರೆ, ಉಳಿದದ್ದೆಲ್ಲ ಹೋಟೆಲು ಮತ್ತು ಮಾಲು. ಅಲ್ಲಿನ ವಾರ್ಡುಗಳಿಗೂ ಇಂಥ ಏರ್ಪಾಡು ಬೇಕು.

ಇನ್ನೊಂದು ಕಡೆ ತಾವು ಕಟ್ಟುನಿಟ್ಟಾಗಿರಬೇಕಾಗಿದೆ. ಡಿಜಿಟಲ್ ಡಿಟಾಕ್ಸ್ ಹೆಸರಿನಲ್ಲಿ ಹಣ ಪಡೆದು, ವಯಸ್ಕರನ್ನು ಮನೆಯವರ ಒಪ್ಪಿಗೆಯೊಂದನ್ನೇ ಆಧರಿಸಿ ಕೂಡಿಹಾಕುವಂಥ ಕೇಂದ್ರಗಳಿಗೆ ಅವಕಾಶ ಇರಬಾರದು. ಮಾನಸಿಕ ಕಾಯಿಲೆ ಇರುವವರನ್ನು ಒಳರೋಗಿಗಳಾಗಿ ಇರಿಸಿಕೊಂಡು ಆರೈಕೆ ಮಾಡುವ ಸಂಸ್ಥೆಗಳು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಡಿ ನೋಂದಣಿಯಾಗಿರಲೇಬೇಕು. ನೋಂದಣಿಯಾದ ಕೇಂದ್ರಗಳ ಪಟ್ಟಿಯನ್ನು ಜಿಲ್ಲಾವಾರು, ಕನ್ನಡದಲ್ಲಿ ಪ್ರಕಟಿಸಿ, ಹೊರಗುಳಿದವುಗಳ ತಪಾಸಣೆ ಮಾಡಿಸಿ.

ಮನೆಮನೆಯ ಸಮೀಕ್ಷೆಯ ಹೊರೆ ಕೊನೆಗೆ ಆಶಾ ಕಾರ್ಯಕರ್ತೆಯರ ಹೆಗಲಿಗೇ ಬೀಳುತ್ತದೆ. ಗೌರವಧನಕ್ಕಾಗಿ ಅವರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕೂತದ್ದನ್ನು ತಾವು ಬಲ್ಲಿರಿ. ಇನ್ನೊಬ್ಬರ ಒಂಟಿತನವನ್ನು ಕೇಳಿಸಿಕೊಳ್ಳುವುದು ಬಿಪಿ ಅಳೆದಷ್ಟು ಬೇಗ ಮುಗಿಯುವ ಕೆಲಸವಲ್ಲ. ಅದಕ್ಕೆ ತರಬೇತಿ, ಸಮಯ ಮತ್ತು ಪ್ರತ್ಯೇಕ ಸಂಭಾವನೆ ಇಲ್ಲದೆ ಅವರ ಮೇಲೆ ಹೊರಿಸಬಾರದು. ಎಲ್ಲ ಜಿಲ್ಲೆಗಳಲ್ಲಿ ಏಕಕಾಲಕ್ಕೆ ಆರಂಭಿಸಲು ಹಣ ಸಾಲದಿದ್ದರೆ ಕೋಲಾರದಿಂದಲೇ ಶುರುಮಾಡಿ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಾಯೋಗಿಕ ಹಂತವೂ ನಡೆದದ್ದು ಆ ಜಿಲ್ಲೆಯಲ್ಲಿಯೇ. ಒಂದು ವರ್ಷ ಅಲ್ಲಿ ನಡೆಸಿ, ಎಷ್ಟು ಜನರಿಗೆ ಪ್ರಶ್ನೆ ಕೇಳಲಾಯಿತು, ಎಷ್ಟು ಜನ ಸಂಜೆಯ ಕ್ಲಿನಿಕ್ಕಿಗೆ ಬಂದರು, ಎಷ್ಟು ಜನ ಎರಡನೆಯ ಸಲವೂ ಬಂದರು ಎಂಬ ಲೆಕ್ಕವನ್ನು ವಿಧಾನಮಂಡಲದ ಮುಂದೆ ಇಡಬೇಕೆಂದು ಕೋರುತ್ತೇನೆ.

ಇಂತಿ,
ಬೆಂಗಳೂರಿನ ಒಬ್ಬ ಆಪ್ತಸಮಾಲೋಚಕಿ